ಹಡಗು ಇಳಿದ ಮೇಲೆ ಬ್ಯಾಗು ಎಲ್ಲಿಡೋದು?

ಕ್ರೂಸ್‌ಗೆ ಹೋಗಿ ಬಂದ ಮೇಲೆ ಎಲ್ಲರೂ ಕೇಳಿದ್ದು ಸಮುದ್ರ ಹೇಗಿತ್ತು, ಊಟ ಹೇಗಿತ್ತು ಅಂತ. ಬ್ಯಾಗು ಎಲ್ಲಿಟ್ಟಿದ್ರಿ ಅಂತ ಒಬ್ಬರೂ ಕೇಳಲಿಲ್ಲ. ನಾಲ್ಕು ದಿನದ ಪ್ರವಾಸದಲ್ಲಿ ನಾನು ಜಾಸ್ತಿ ತಲೆ ಕೆಡಿಸಿಕೊಂಡಿದ್ದು ಅದಕ್ಕೇ. ಆದ್ದರಿಂದ ಅದನ್ನೇ ಬರೀತೀನಿ.

ನಾವು ಮೈಸೂರಿನವರು. ಜನವರಿಯಲ್ಲಿ ಶರಾವತಿ ಎಕ್ಸ್‌ಪ್ರೆಸ್ ಹತ್ತಿ ದಾದರ್‌ನಲ್ಲಿ ಇಳಿದು, ಮುಂಬೈನಿಂದ ಗೋವಾಕ್ಕೆ ಹೋಗಿ ಬರುವ ಹಡಗು ಹತ್ತಿದೆವು. ನಾನು, ಯಜಮಾನರು, ಹದಿಮೂರು ವರ್ಷದ ಮಗ, ಎಪ್ಪತ್ತೆರಡರ ಅತ್ತೆ. ವಾಪಸ್ ಬರುವಾಗ ಬೆಂಗಳೂರಿಗೆ ವಿಮಾನ. ಹಡಗು ಗುರುವಾರ ಬೆಳಗ್ಗೆ ಮುಂಬೈ ಸೇರುತ್ತೆ, ವಿಮಾನ ರಾತ್ರಿ 10.25ಕ್ಕೆ. "ಹಡಗು ಲೇಟಾದರೆ?" ಅನ್ನೋದು ಯಜಮಾನರ ಲೆಕ್ಕ. ಹಡಗು ಲೇಟಾಗಲಿಲ್ಲ. ಬೆಳಗ್ಗೆ ಎದ್ದು ಕಿಟಕಿ ನೋಡಿದರೆ ಹೊರಗೆ ಬಂದರಿನ ಕ್ರೇನುಗಳು ನಿಂತಿದ್ದವು.

ಹಿಂದಿನ ರಾತ್ರಿಯೇ ಒಂದು ಎಡವಟ್ಟಾಗಿತ್ತು. ಹಡಗಿನಲ್ಲಿ ಕೊನೆಯ ರಾತ್ರಿ ದೊಡ್ಡ ಬ್ಯಾಗುಗಳಿಗೆ ಬಣ್ಣದ ಚೀಟಿ ಕಟ್ಟಿ ರೂಮಿನ ಬಾಗಿಲ ಹೊರಗೆ ಇಡಬೇಕು. ಅವರು ರಾತ್ರೋರಾತ್ರಿ ಎತ್ತಿಕೊಂಡು ಹೋಗಿ, ಬೆಳಗ್ಗೆ ಕೆಳಗಿನ ಹಾಲ್‌ನಲ್ಲಿ ಬಣ್ಣದ ಪ್ರಕಾರ ಜೋಡಿಸಿ ಇಡ್ತಾರೆ. ನಮ್ಮದು ಕಂದು ಬಣ್ಣ. ನಾನು ಬಹಳ ಶಿಸ್ತಿನಿಂದ ಎಲ್ಲ ತುಂಬಿ ಹೊರಗಿಟ್ಟೆ. ಬೆಳಗ್ಗೆ ನೋಡಿದರೆ ಮಗನ ಶೂ, ಚಪ್ಪಲಿ ಎರಡೂ ಬ್ಯಾಗಿನೊಳಗೆ ಹೋಗಿವೆ. ರೂಮಿನಲ್ಲಿ ಕೊಟ್ಟಿದ್ದ ಬಿಳಿ ಬಟ್ಟೆಯ ಸ್ಲಿಪ್ಪರ್ ಹಾಕಿಕೊಂಡೇ ಅವನು ಸಾಲಿನಲ್ಲಿ ನಿಂತ. ಮುಖ ನೋಡೋ ಹಾಗಿರಲಿಲ್ಲ.

ಒಂಬತ್ತೂ ಮುಕ್ಕಾಲಿಗೆ ಹೊರಗೆ ಬಂದೆವು. ಒಟ್ಟು ಐದು ಸಾಮಾನು. ಎರಡು ಟ್ರಾಲಿ, ಅದರಲ್ಲಿ ಒಂದಕ್ಕೆ ಗೋವಾದ ಕಲ್ಲುರಸ್ತೆಯಲ್ಲಿ ಚಕ್ರ ಕಿತ್ತುಹೋಗಿತ್ತು. ಎರಡು ಬೆನ್ನಿನ ಬ್ಯಾಗು. ಐದನೆಯದು ಅತ್ತೆಯ ಹಸಿರು ಸೂಟ್‌ಕೇಸು. ಅದಕ್ಕೆ ಚಕ್ರ ಕೀಳುವ ಪ್ರಶ್ನೆಯೇ ಇಲ್ಲ, ಮೊದಲಿಂದಲೂ ಇರಲಿಲ್ಲ. ಯಜಮಾನರು ಕಾಲೇಜು ಹಾಸ್ಟೆಲ್‌ಗೆ ಒಯ್ಯುತ್ತಿದ್ದ ಕಾಲದ್ದು.

ಬಂದರಿನಿಂದ ಹೊರಗೆ ಬಂದರೆ ಬಲ್ಲಾರ್ಡ್ ಎಸ್ಟೇಟ್. ಕಲ್ಲಿನ ಹಳೇ ಕಟ್ಟಡಗಳು, ಅಗಲ ಫುಟ್‌ಪಾತು, ತಂಪಾದ ಮರಗಳು. ಒಂದು ಮರದ ಕೆಳಗೆ ಐದೂ ಸಾಮಾನು ಗುಡ್ಡೆ ಹಾಕಿ, ಅತ್ತೆಯನ್ನು ಸೂಟ್‌ಕೇಸಿನ ಮೇಲೆ ಕೂರಿಸಿದೆವು. ನನಗಂತೂ ನೆಲ ಇನ್ನೂ ತೂಗುತ್ತಿತ್ತು. ಹಡಗಿನಲ್ಲಿ ಅಷ್ಟು ಗೊತ್ತಾಗದ ಓಲಾಟ ನೆಲಕ್ಕೆ ಇಳಿದ ಮೇಲೆ ಶುರುವಾಗೋದು ವಿಚಿತ್ರ ಅಲ್ವಾ?

ಮುಂದೇನು ಅಂತ ಚರ್ಚೆ ಶುರುವಾಯಿತು. ಮನೆಯಲ್ಲಿ ಕೂತು ಪಟ್ಟಿ ಮಾಡಿದ್ದಾಗ ಗೇಟ್‌ವೇ ಆಫ್ ಇಂಡಿಯಾ, ಮ್ಯೂಸಿಯಂ, ಮರೀನ್ ಡ್ರೈವ್ ಎಲ್ಲ ಇತ್ತು. ಆ ಪಟ್ಟಿಯಲ್ಲಿ ಬ್ಯಾಗುಗಳು ಮಾತ್ರ ಇರಲಿಲ್ಲ. ನಾವು ನಾಲ್ಕು ಜನ ಕೈಬೀಸಿಕೊಂಡು ಓಡಾಡ್ತೀವಿ ಅಂತ ಬರೆದ ಪಟ್ಟಿ ಅದು.

ಯಜಮಾನರು ಸಿಎಸ್‌ಎಂಟಿ ರೈಲು ನಿಲ್ದಾಣದ ಕ್ಲೋಕ್‌ರೂಮ್ ಅಂದರು. ಹತ್ತಿರವೇ ಇದೆ. ಪಕ್ಕದಲ್ಲಿ ನಿಂತಿದ್ದ ಟ್ಯಾಕ್ಸಿಯವರು ಕೇಳಿಸಿಕೊಂಡು, "ರೈಲು ಟಿಕೆಟ್ ಇದೆಯಾ?" ಅಂತ ಹಿಂದಿಯಲ್ಲಿ ಕೇಳಿದರು. ರೈಲ್ವೆ ಕ್ಲೋಕ್‌ರೂಮು ಇರೋದು ರೈಲಿನವರಿಗೆ. ಟಿಕೆಟ್ ತೋರಿಸಬೇಕು. ಪ್ರತಿ ಬ್ಯಾಗಿಗೂ ಬೀಗ ಇರಬೇಕು. ನಮ್ಮ ಟಿಕೆಟ್ಟು ದಾದರ್‌ನಲ್ಲಿ ಇಳಿದಾಗಲೇ ಮುಗಿದಿತ್ತು, ಬೆನ್ನಿನ ಬ್ಯಾಗುಗಳಿಗೆ ಬೀಗವೂ ಇಲ್ಲ. ಇನ್ನು ವಿಮಾನ ಕಂಪನಿಗೆ ಫೋನ್ ಮಾಡಿದೆ. ಅಷ್ಟು ಬೇಗ ಬ್ಯಾಗು ತಗೊಳ್ಳಲ್ಲ, ಸಂಜೆ ಬನ್ನಿ ಅಂದರು.

ಸರಿ, ಪಾಳಿ ಹಾಕೋಣ ಅಂದೆ. ಇಬ್ಬರು ಬ್ಯಾಗು ಕಾಯೋದು, ಇಬ್ಬರು ಸುತ್ತಾಡೋದು. ಮೊದಲ ಪಾಳಿ ನನ್ನದು, ಮಗಂದು. ಅತ್ತೆ, ಯಜಮಾನರು ಚಹಾ ಹುಡುಕಿಕೊಂಡು ಹೊರಟರು. ಮಗ ಶೂ ಹುಡುಕಿ ಹಾಕಿಕೊಂಡ ಮೇಲೆ ಸ್ವಲ್ಪ ಮನುಷ್ಯನಾದ. ಮೊಬೈಲ್‌ನಲ್ಲಿ ಓದಿ ಹೇಳಿದ: "ಅಮ್ಮಾ, ನಾವು ಕೂತಿರೋ ಜಾಗ ಮೊದಲು ಸಮುದ್ರವಂತೆ." ನಿಜ. ಪಕ್ಕದಲ್ಲಿ ಅಲೆಕ್ಸಾಂಡ್ರಾ ಡಾಕ್ ತೋಡಿದಾಗ ಬಂದ ಮಣ್ಣು ಸುರಿದು ಈ ನೆಲ ಮಾಡಿದ್ದು. 1914ರಿಂದ 1918ರೊಳಗೆ ಇಡೀ ಬಡಾವಣೆ ಎದ್ದಿತು. ಯೋಜನೆ ಹಾಕಿದ್ದು ಜಾರ್ಜ್ ವಿಟೆಟ್, ಗೇಟ್‌ವೇ ಆಫ್ ಇಂಡಿಯಾದ ವಾಸ್ತುಶಿಲ್ಪಿಯೂ ಅವರೇ. "ಹಾಗಾದ್ರೆ ಗೇಟ್‌ವೇ ನೋಡದಿದ್ರೂ ನಡೆಯುತ್ತೆ, ಅವರದೇ ಕಟ್ಟಡ ನೋಡಿದೀವಲ್ಲ" ಅಂದ ಮಗ. ಅಪ್ಪನ ಬುದ್ಧಿ.

ಚಹಾ ಕುಡಿದು ಬಂದ ಅತ್ತೆ ಒಂದೇ ಮಾತು ಹೇಳಿದರು. "ನನಗೆ ಅನ್ನ ಸಾರು ಬೇಕು. ಮತ್ತೆ ಒಂದು ಗಂಟೆ ಕಾಲು ಚಾಚಬೇಕು." ಮೂರು ದಿನ ಬಫೆ ತಿಂದಿದ್ದರು, ಪಾಪ. ಅಲ್ಲಿಗೆ ಚರ್ಚೆ ಮುಗಿಯಿತು. ಮುಂಬೈಯಲ್ಲಿ ಅನ್ನ ಸಾರು ಅಂದರೆ ಮಾಟುಂಗ, ದಕ್ಷಿಣದವರು ಜಾಸ್ತಿ ಇರೋ ಬಡಾವಣೆ.

ಟ್ಯಾಕ್ಸಿ ಹತ್ತೋಣ ಅಂತ ಡಿಕ್ಕಿ ತೆಗೆಸಿದರೆ ಅಲ್ಲಿ ಸಿಎನ್‌ಜಿ ಸಿಲಿಂಡರ್ ಹಾಯಾಗಿ ಮಲಗಿದೆ. ಉಳಿದ ಜಾಗದಲ್ಲಿ ಒಂದು ಬೆನ್ನಿನ ಬ್ಯಾಗು ಹಿಡಿಯಿತು, ಅಷ್ಟೇ. ಮುಂಬೈಯ ಕಪ್ಪು ಹಳದಿ ಟ್ಯಾಕ್ಸಿಗಳ ತಲೆ ಮೇಲೆ ಕಬ್ಬಿಣದ ಕ್ಯಾರಿಯರ್ ಯಾಕಿರುತ್ತೆ ಅಂತ ಆಗ ಅರ್ಥವಾಯಿತು. ಹಸಿರು ಸೂಟ್‌ಕೇಸು, ಎರಡು ಟ್ರಾಲಿ ಮೇಲೇರಿದವು. ಡ್ರೈವರ್ ಹಗ್ಗ ಕಟ್ಟಿದರು. ಪ್ರತಿ ಸಿಗ್ನಲ್‌ನಲ್ಲೂ ಅತ್ತೆ ಕಿಟಕಿಯಿಂದ ತಲೆ ಹಾಕಿ ಮೇಲೆ ನೋಡುತ್ತಿದ್ದರು. ಸೂಟ್‌ಕೇಸು ಇದೆಯೋ ಇಲ್ಲವೋ ಅಂತ.

ಮಾಟುಂಗದಲ್ಲಿ ಒಂದು ಲಾಡ್ಜ್ ಸಿಕ್ಕಿತು. ಹೆಸರು ಬೇಡ, ಅಂಥ ದೊಡ್ಡದೇನಲ್ಲ. ಕೌಂಟರಿನವರು ಇಪ್ಪತ್ನಾಲ್ಕು ಗಂಟೆಗೆ ಬಾಡಿಗೆ ಅಂದರು. ನಾನು ಯಜಮಾನರ ಕಡೆ ತಿರುಗಿ, "ಐದು ಗಂಟೆಗೆ ಖಾಲಿ ಮಾಡೋಕೆ ಒಂದು ದಿನದ ದುಡ್ಡು ಯಾಕ್ರೀ" ಅಂದೆ. ಕೌಂಟರಿನವರು ತಲೆ ಎತ್ತಿದರು. "ಕನ್ನಡದವರಾ? ಮೊದಲೇ ಹೇಳ್ಬಾರ್ದಾ ಮಾರಾಯ್ರೆ." ಅವರು ಕುಂದಾಪುರದ ಕಡೆಯವರು. ಅರ್ಧ ಬಾಡಿಗೆಗೆ ಒಂದು ರೂಮು ಕೊಟ್ಟರು. ಎಲ್ಲರ ಆಧಾರ್ ಬೇಕು ಅಂದಾಗ ಮತ್ತೆ ಟ್ರಾಲಿ ಬಿಚ್ಚಬೇಕಾಯಿತು. ಅದೂ ನನ್ನದೇ ಶಿಸ್ತಿನ ಫಲ, ಆಧಾರನ್ನು ಸೀರೆಗಳ ಅಡಿಯಲ್ಲಿ ಭದ್ರವಾಗಿ ಇಟ್ಟಿದ್ದೆ.

ರೂಮಿನ ಬಾಗಿಲು ಹಾಕಿ, ಬೀಗ ಜಡಿದು, ಕೀ ಕೈಗೆ ಬಂತಲ್ಲ, ಆಗ ಭುಜ ಹಗುರವಾಯಿತು. ಮುಂಬೈ ಶುರುವಾಗಿದ್ದೇ ಆಮೇಲೆ.

ಮಾಟುಂಗ ಸ್ಟೇಷನ್ ಹತ್ತಿರ ರಾಮ ನಾಯಕರ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ ಇದೆ. 1942ರಿಂದ ಊಟ ಹಾಕ್ತಾ ಇರುವ ಜಾಗ. ಮೆಟ್ಟಿಲು ಹತ್ತಿ ಮೇಲೆ ಹೋಗಬೇಕು. ಹತ್ತುವಾಗ ನಾನೂ ಯಜಮಾನರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು, ಆ ಹಸಿರು ಸೂಟ್‌ಕೇಸು ಜೊತೆಗಿದ್ದಿದ್ದರೆ ಅಂತ. ಬಾಳೆ ಎಲೆ ಹಾಕಿಸಿಕೊಂಡೆವು. ಅತ್ತೆ ಎಲೆಗೆ ನೀರು ಚಿಮುಕಿಸಿ, ಒರೆಸಿ, ಎರಡು ಕೈಯಲ್ಲಿ ಸರಿಮಾಡಿಕೊಂಡು ಕೂತರು. ಬಿಸಿ ಅನ್ನದ ಮಧ್ಯೆ ಗುಳಿ ಮಾಡಿ ಸಾರು ಹಾಕಿಸಿಕೊಂಡರು. ಮೊದಲ ತುತ್ತು ಕಲಸುವಾಗ ಅವರು ಮಾತಾಡಲಿಲ್ಲ. ಎರಡನೆಯದಕ್ಕೂ ಇಲ್ಲ. ಮೂರನೇ ಸಲ ಸಾರು ಬಂದಾಗ, "ಸ್ವಲ್ಪ ಬೆಲ್ಲ ಜಾಸ್ತಿ, ಆದ್ರೂ ಪರವಾಗಿಲ್ಲ" ಅಂದರು. ಅವರ ಬಾಯಲ್ಲಿ ಅದು ದೊಡ್ಡ ಪ್ರಶಸ್ತಿ.

ಊಟ ಆದ ಮೇಲೆ ಅತ್ತೆ, ಮಗ ರೂಮಿಗೆ ಹೋಗಿ ಮಲಗಿದರು. ನಾವಿಬ್ಬರು ಸುಮ್ನೆ ತಿರುಗಿದೆವು. ಹೂವಿನ ಅಂಗಡಿಗಳಲ್ಲಿ ಮಲ್ಲಿಗೆ, ಕನಕಾಂಬರ. ಬಾಳೆ ಎಲೆಯ ಕಟ್ಟು, ವೀಳ್ಯದೆಲೆ, ಕರಿಬೇವು. ನಮ್ಮ ದೇವರಾಜ ಮಾರ್ಕೆಟ್ಟಿನ ಒಂದು ಓಣಿಯನ್ನು ಎತ್ತಿ ತಂದಿಟ್ಟ ಹಾಗಿತ್ತು. ಸ್ಟೇಷನ್ ಕಡೆಯೂ ಹೋದೆವು. ಮಾಟುಂಗ ಸ್ಟೇಷನ್ 2017ರಲ್ಲಿ ಪೂರ್ತಿ ಹೆಂಗಸರೇ ನಡೆಸುವ ಮುಂಬೈ ಲೋಕಲ್ ನಿಲ್ದಾಣ ಆಯಿತು, ದೇಶದಲ್ಲೇ ಅಂಥ ಮೊದಲನೆಯದು. ಆಮೇಲೆ ಭಾವುದಾಜಿ ರಸ್ತೆಯಲ್ಲಿ ಮೈಸೂರು ಅಸೋಸಿಯೇಷನ್ ಕಟ್ಟಡ. 1926ರಲ್ಲಿ ಶುರುವಾದ ಸಂಸ್ಥೆ. ಒಳಗೆ ಹೋಗಲಿಲ್ಲ. ಎದುರು ಫುಟ್‌ಪಾತಿನಲ್ಲಿ ನಿಂತು ನಮ್ಮ ಊರಿನ ಹೆಸರು ಒಂದು ಸಲ ಓದಿಕೊಂಡು ಬಂದೆವು. ನಾಲ್ಕು ದಿನಕ್ಕೇ ಇಷ್ಟು ಅನಿಸಿದರೆ, ಆಗಿನ ಕಾಲಕ್ಕೆ ಇಲ್ಲಿ ಕೆಲಸಕ್ಕೆ ಬಂದವರಿಗೆ ಹೇಗನಿಸಿತ್ತೋ.

ಐದೂವರೆಗೆ ಹೊರಟೆವು. ಸಂಜೆ ಆ ಹೊತ್ತಿಗೆ ಲೋಕಲ್ ರೈಲಿಗೆ ಐದು ಸಾಮಾನು ತೂರಿಸೋದು ಅಂದರೆ ಜಗಳಕ್ಕೆ ಕರೆದಂತೆ. ಪೂರ್ತಿ ಟ್ಯಾಕ್ಸಿಯಲ್ಲಿ ಹೋದರೆ ಟ್ರಾಫಿಕ್. ಕುಂದಾಪುರದವರೇ ಹೇಳಿದರು: ದಾದರ್ ತನಕ ಟ್ಯಾಕ್ಸಿ ಮಾಡಿ, ಅಲ್ಲಿಂದ ನೆಲದಡಿಯ ಮೆಟ್ರೋ ಹಿಡಿಯಿರಿ. ಕಫ್ ಪರೇಡ್‌ನಿಂದ ಆರೆವರೆಗಿನ ಈ ಅಕ್ವಾ ಲೈನು 2025ರ ಅಕ್ಟೋಬರ್‌ನಲ್ಲಿ ಪೂರ್ತಿ ತೆರೆದಿದೆ. ವಿಮಾನ ನಿಲ್ದಾಣದ ಟಿ1, ಟಿ2 ಎರಡಕ್ಕೂ ಸ್ಟೇಷನ್ ಇದೆ. ಸಿಎಸ್‌ಎಂಟಿಯಲ್ಲೂ ಇದೆ. ಅಂದರೆ ಬಂದರಿನಿಂದ ನೇರ ವಿಮಾನಕ್ಕೆ ಹೋಗುವವರು ಬಲ್ಲಾರ್ಡ್ ಎಸ್ಟೇಟ್‌ನಿಂದ ಅಲ್ಲಿಗೆ ಒಂದು ಚಿಕ್ಕ ಟ್ಯಾಕ್ಸಿ ಮಾಡಿದರೆ ಸಾಕು. ಲಿಫ್ಟ್ ಇದೆ. ಬ್ಯಾಗುಗಳನ್ನು ಎಕ್ಸ್‌ರೇ ಯಂತ್ರಕ್ಕೆ ಎತ್ತಿ ಹಾಕಬೇಕು, ಸೊಂಟ ಗಟ್ಟಿ ಇರಲಿ. ಟಿ2ನಲ್ಲಿ ಮೇಲೆ ಬಂದ ಮೇಲೂ ಸ್ವಲ್ಪ ನಡೆಯೋದಿದೆ. ಚಕ್ರ ಇಲ್ಲದ ಟ್ರಾಲಿಯನ್ನು ಯಜಮಾನರು ನಾಯಿಮರಿ ಎಳೆದ ಹಾಗೆ ಎಳೆದುಕೊಂಡು ಬಂದರು. ನೆಲಕ್ಕೆ ಉಜ್ಜುವ ಕರ್ರ್ ಸದ್ದಿಗೆ ಜನ ದಾರಿ ಬಿಟ್ಟುಕೊಡುತ್ತಿದ್ದರು.

ಟಿ2 ಚಂದ ಇದೆ. ನವಿಲುಗರಿಯ ಕಣ್ಣಿನಂಥ ಚಾವಣಿ. ನಾನು ಅದನ್ನು ನೋಡಿದ್ದು ಸ್ವಲ್ಪ, ತೂಕದ ಯಂತ್ರ ನೋಡಿದ್ದೇ ಜಾಸ್ತಿ. ಹಡಗಿನಲ್ಲಿ ಯಾರೂ ತೂಕ ಕೇಳಿರಲಿಲ್ಲ. ವಿಮಾನದಲ್ಲಿ ಒಬ್ಬರಿಗೆ 15 ಕೆಜಿ. ನಮ್ಮ ಮೂವರದು ಒಂದೇ ಟಿಕೆಟ್ಟು, ಎಲ್ಲ ಕೂಡಿ ಲೆಕ್ಕ ಹಾಕಿದರು. ಅತ್ತೆಯದು ಆಮೇಲೆ ಬೇರೆ ಮಾಡಿಸಿದ್ದು. ಹಸಿರು ಸೂಟ್‌ಕೇಸು 18.4 ತೋರಿಸಿತು.

ಪಕ್ಕಕ್ಕೆ ಬಂದು ನೆಲದ ಮೇಲೆ ಸೂಟ್‌ಕೇಸು ಬಿಚ್ಚಿದೆವು. ಗೋವಾ ಗೋಡಂಬಿ ಎರಡು ಕೆಜಿ ನನ್ನ ಟ್ರಾಲಿಗೆ. ಒಣ ಪುನರ್ಪುಳಿ ಮಗನ ಬೆನ್ನಿಗೆ. ಶಾಲು ಅತ್ತೆಯ ಹೆಗಲಿಗೆ. ಅದರ ಮೇಲೆ ಸ್ವೆಟರ್. ಮತ್ತೆ ಯಂತ್ರಕ್ಕೆ ಇಟ್ಟರೆ 15.1. ಕೌಂಟರಿನ ಹುಡುಗಿ ನಕ್ಕು, ಆಯ್ತು ಅಂದಳು. ಆಮೇಲೆ ಕೌಂಟರಿನಲ್ಲಿ ಕೊಡುವ ಬ್ಯಾಗಿನಲ್ಲಿ ಇಡಬಾರದ ವಸ್ತುಗಳ ಚಿತ್ರ ತೋರಿಸಿ ಕೇಳಿದಳು: ಪವರ್ ಬ್ಯಾಂಕ್ ಇದೆಯಾ, ಲೈಟರ್ ಇದೆಯಾ, ಒಣ ತೆಂಗಿನಕಾಯಿ ಇದೆಯಾ?

ನಾನು ಇಲ್ಲ ಅಂದೆ. ಅತ್ತೆ ನನ್ನ ತೋಳು ಹಿಡಿದರು. "ಎರಡು ಗಿಟುಕು ಇದೆ ಕಣೆ."

ತಿಪಟೂರಿನ ಕೊಬ್ಬರಿ. ರೈಲಿನಲ್ಲಿ ತಿನ್ನೋಕೆ ಅಂತ ಮೈಸೂರಿನಿಂದ ಬೆಲ್ಲದ ಜೊತೆ ಕಟ್ಟಿ ತಂದದ್ದು. ಕೊಬ್ಬರಿಯಲ್ಲಿ ಎಣ್ಣೆ ಜಾಸ್ತಿ. ತಾನಾಗಿ ಬಿಸಿಯೇರಿ ಹೊತ್ತಿಕೊಳ್ಳಬಹುದು ಅಂತ ವಿಮಾನಕ್ಕೆ ಬಿಡೋದಿಲ್ಲ. ಹಡಗಿನಲ್ಲಿ ಗೋವಾ ನೋಡಿ ಬಂದ ಕೊಬ್ಬರಿಗೆ ಇಲ್ಲಿ ತಡೆ. ಸೂಟ್‌ಕೇಸು ಮತ್ತೊಮ್ಮೆ ಬಿಚ್ಚಿದೆವು. ಪಂಚೆಯಲ್ಲಿ ಸುತ್ತಿದ್ದ ಎರಡು ಗಿಟುಕು, ಕಾಗದದಲ್ಲಿ ಒಂದು ಅಚ್ಚು ಬೆಲ್ಲ.

"ಕಸದ ಬುಟ್ಟಿಗೆ ಹಾಕ್ಬಿಡಮ್ಮ" ಅಂದರು ಯಜಮಾನರು. ಅತ್ತೆ ಅವರನ್ನು ನೋಡಿದ ನೋಟಕ್ಕೆ ಅವರೇ ಗಿಟುಕು ಕೈಗೆ ತಗೊಂಡು ಕಂಬದ ಅಂಚಿಗೆ ಕುಕ್ಕತೊಡಗಿದರು. ಅದು ಒಡೆಯಲಿಲ್ಲ. ಕೊನೆಗೆ ನೆಲಕ್ಕಿಟ್ಟು ಶೂ ಹಿಮ್ಮಡಿಯಲ್ಲಿ, ಪಂಚೆ ಮುಚ್ಚಿ, ಒಂದೇ ಏಟು. ಎಂಟೋ ಒಂಬತ್ತೋ ಚೂರು. ಸೂಟ್‌ಕೇಸು 14.8ಕ್ಕೆ ಇಳಿಯಿತು. ನವಿಲುಗರಿ ಚಾವಣಿಯ ಕೆಳಗೆ ನಾವು ನಾಲ್ಕು ಜನ ಸಾಲಾಗಿ ನಿಂತು ಬೆಲ್ಲ ಕೊಬ್ಬರಿ ಅಗಿದೆವು. ವಿಮಾನಕ್ಕೆ ಇನ್ನೂ ಎರಡೂವರೆ ಗಂಟೆ ಇತ್ತು. ಕೊಬ್ಬರಿಗೆ ಅಷ್ಟು ಹೊತ್ತು ಬೇಕೇ ಬೇಕು.