ಮೂವತ್ತು ತಂಡಗಳಿರುವಾಗ ಪೈರೇಟ್ಸ್ ಏಕೆ?

ಅಮೆರಿಕದ ಮೇಜರ್ ಲೀಗ್ ಬೇಸ್‌ಬಾಲಿನ ಮೂವತ್ತು ತಂಡಗಳನ್ನು ಜನಪ್ರಿಯತೆಯ ಪ್ರಕಾರ ಜೋಡಿಸಿದ ಪಟ್ಟಿಯೊಂದನ್ನು ವರ್ಷಕ್ಕೊಮ್ಮೆಯಾದರೂ ಯಾರಾದರೂ ನನಗೆ ಕಳಿಸಿಕೊಡುತ್ತಾರೆ. ಹಿಂಬಾಲಕರ ಸಂಖ್ಯೆ, ಟೋಪಿ-ಜೆರ್ಸಿಗಳ ಮಾರಾಟ, ಮೈದಾನಕ್ಕೆ ಬಂದವರ ಲೆಕ್ಕ ಎಲ್ಲವನ್ನೂ ಕೂಡಿಸಿ ಮಾಡಿದ ಅಂಥ ಪಟ್ಟಿಯಲ್ಲಿ ಯಾಂಕೀಸ್ ಮತ್ತು ಡಾಡ್ಜರ್ಸ್ ತುದಿಯಲ್ಲಿರುತ್ತವೆ. ನನ್ನ ಪಿಟ್ಸ್‌ಬರ್ಗ್ ಪೈರೇಟ್ಸ್ ಬೇಗ ಸಿಗಬೇಕಾದರೆ ಕೆಳಗಿನಿಂದ ಓದಬೇಕು. ಕಳೆದ ಸಲ ಅದನ್ನು ಕಳಿಸಿದವನು ಬೆಂಗಳೂರಿನಲ್ಲಿರುವ ನನ್ನ ಭಾವಮೈದುನ. “ಹೋಗಿ ಹೋಗಿ ಇವರನ್ನೇ ಹಿಡ್ಕೊಂಡಿದ್ದೀರಲ್ಲ ಭಾವ” ಎಂದು ಕೆಳಗೆ ಬರೆದಿದ್ದ. 2008ರಿಂದ 2025ರ ತನಕ ಪ್ರತಿ ಬೇಸಿಗೆಯಲ್ಲೂ ಈ ಸಲ ಕಪ್ ನಮ್ದೇ ಎಂದು ಕಾದವನಿಗೆ ಈ ಮಾತು ಹೇಳುವ ಅಧಿಕಾರವಿದೆಯೇ ಎಂಬುದು ಬೇರೆ ಚರ್ಚೆ.

ಪಟ್ಟಿ ಸುಳ್ಳು ಎಂದು ನಾನು ವಾದಿಸುವುದಿಲ್ಲ. 1979ರ ನಂತರ ನಮ್ಮವರು ಲೀಗಿನ ಅಂತಿಮ ಸರಣಿಯಾದ ವರ್ಲ್ಡ್ ಸೀರೀಸ್ ಗೆದ್ದಿಲ್ಲ. 1993ರಿಂದ 2012ರವರೆಗೆ ಒಂದಲ್ಲ ಎರಡಲ್ಲ, ಸತತ ಇಪ್ಪತ್ತು ಋತುಗಳಲ್ಲಿ ಗೆದ್ದ ಪಂದ್ಯಗಳಿಗಿಂತ ಸೋತ ಪಂದ್ಯಗಳೇ ಹೆಚ್ಚು. ಊರು ಚಿಕ್ಕದು ಎಂಬ ಸಬೂಬು ಸ್ವಲ್ಪ ದೂರ ಮಾತ್ರ ನಡೆಯುತ್ತದೆ. ನಗರದ ಜನಸಂಖ್ಯೆ ಸುಮಾರು ಮೂರು ಲಕ್ಷ, ನಿಜ. ಆದರೆ ಇದೇ ಊರಿನ ಅಮೆರಿಕನ್ ಫುಟ್‌ಬಾಲ್ ತಂಡವಾದ ಸ್ಟೀಲರ್ಸ್‌ಗೆ ದೇಶದ ಮೂಲೆಮೂಲೆಯಲ್ಲೂ ಅಭಿಮಾನಿಗಳಿದ್ದಾರೆ. ಉಕ್ಕಿನ ಕಾರ್ಖಾನೆಗಳು ಮುಚ್ಚಿದಾಗ ಊರು ಬಿಟ್ಟವರು ಆ ತಂಡದ ಅಭಿಮಾನವನ್ನು ಹೋದಲ್ಲೆಲ್ಲ ಕೊಂಡೊಯ್ದರು. ವ್ಯತ್ಯಾಸ ಎಲ್ಲಿದೆಯೆಂದರೆ, ಆ ಫುಟ್‌ಬಾಲ್ ಲೀಗಿನಲ್ಲಿ ರಾಷ್ಟ್ರೀಯ ಟಿವಿ ಪ್ರಸಾರದ ಹಣ ಎಲ್ಲ ತಂಡಗಳಿಗೂ ಸಮನಾಗಿ ಹಂಚಿಕೆಯಾಗುತ್ತದೆ, ಆಟಗಾರರ ಸಂಬಳದ ಒಟ್ಟು ಮೊತ್ತಕ್ಕೆ ಮಿತಿಯೂ ಇದೆ. ಬೇಸ್‌ಬಾಲಿನಲ್ಲಿ ಅಂಥ ಮಿತಿಯಿಲ್ಲ, ದೊಡ್ಡ ಊರಿನ ತಂಡಕ್ಕೆ ಸ್ಥಳೀಯ ಪ್ರಸಾರದಿಂದ ಬರುವ ಹಣವೂ ದೊಡ್ಡದು. ಅದರ ಮೇಲೆ ನಮ್ಮ ಮಾಲೀಕರ ಕೈ ಬಹಳ ಬಿಗಿ. ಒಳ್ಳೆಯ ಆಟಗಾರನ ಬೆಲೆ ಏರಿದೊಡನೆ ಅವನನ್ನು ಬೇರೆ ತಂಡಕ್ಕೆ ಬಿಟ್ಟುಕೊಡುವುದನ್ನು ನೋಡಿ ನೋಡಿ, ಹೊಸ ಆಟಗಾರನ ಹೆಸರಿರುವ ಜೆರ್ಸಿ ಕೊಳ್ಳುವುದನ್ನೇ ನಾನು ಬಿಟ್ಟಿದ್ದೇನೆ. ಜೆರ್ಸಿ ಮಾರಾಟದ ಅಂಕಣದಲ್ಲಿ ನಮ್ಮ ತಂಡ ಕೆಳಗಿರುವುದಕ್ಕೆ ಹೀಗೆ ನನ್ನದೂ ಒಂದು ಕಾಣಿಕೆಯಿದೆ.

ಆದರೆ ಈ ಊರಿನವರಿಗೆ ತಂಡ ಬೇಡವಾಗಿದೆ ಎಂದು ಪಟ್ಟಿಯಿಂದ ಯಾರಾದರೂ ತೀರ್ಮಾನಿಸಿದರೆ ಅದನ್ನು ಒಪ್ಪಲಾರೆ. ತಂಡ 98 ಪಂದ್ಯ ಗೆದ್ದ 2015ರಲ್ಲಿ ಸುಮಾರು 25 ಲಕ್ಷ ಜನ ಮೈದಾನಕ್ಕೆ ಬಂದರು; ಪೈರೇಟ್ಸ್ ಇತಿಹಾಸದಲ್ಲೇ ಅದು ಅತಿ ಹೆಚ್ಚು. ಅದಕ್ಕೂ ಎರಡು ವರ್ಷ ಮೊದಲು, 2013ರ ಅಕ್ಟೋಬರ್ 1ರ ರಾತ್ರಿ, 1992ರ ನಂತರದ ಮೊದಲ ಪ್ಲೇಆಫ್ ಪಂದ್ಯಕ್ಕೆ ನಲವತ್ತು ಸಾವಿರ ಜನ ಸೇರಿದ್ದರು. ಬಹುತೇಕ ಎಲ್ಲರೂ ಕಪ್ಪು ಬಟ್ಟೆ ತೊಟ್ಟಿದ್ದರು. ಎದುರಾಳಿ ತಂಡ ಸಿನ್ಸಿನಾಟಿಯ ಪಿಚರ್ (ಎಸೆತಗಾರ) ಜಾನಿ ಕ್ವೇಟೋನ ಹೆಸರನ್ನು ಮೈದಾನವಿಡೀ ರಾಗವಾಗಿ ಎಳೆದು ಕೂಗುತ್ತಿತ್ತು, ಬಯಲಾಟದ ಭಾಗವತರು ಪದ ಎತ್ತಿದ ಹಾಗೆ. ಎಸೆಯಲು ಸಿದ್ಧನಾಗುತ್ತಿದ್ದವನ ಕೈಯಿಂದ ಚೆಂಡು ಜಾರಿ ನೆಲಕ್ಕೆ ಬಿತ್ತು. ಮರು ಎಸೆತವನ್ನೇ ನಮ್ಮ ರಸೆಲ್ ಮಾರ್ಟಿನ್ ಎಡಗಡೆಯ ಪ್ರೇಕ್ಷಕರ ನಡುವೆ ಅಟ್ಟಿದ. ಮೇಲಿನ ಅಂತಸ್ತಿನಲ್ಲಿ ನನ್ನ ಪಕ್ಕ ಕುಳಿತಿದ್ದ, ಹೆಸರೂ ತಿಳಿಯದ ಹಿರಿಯರೊಬ್ಬರು ನನ್ನ ಭುಜ ಹಿಡಿದು ಅತ್ತರು.

ಜನಪ್ರೀತಿಯನ್ನು ಅಳೆಯಲೇಬೇಕೆಂದರೆ ನಾನು ತೋರಿಸುವುದು ಮೈದಾನವನ್ನಲ್ಲ, ಒಂದು ಗೋಡೆಯನ್ನು. 1960ರ ವರ್ಲ್ಡ್ ಸೀರೀಸ್‌ನ ಏಳು ಪಂದ್ಯಗಳಲ್ಲಿ ಯಾಂಕೀಸ್ ಒಟ್ಟು 55 ರನ್ ಗಳಿಸಿದರೆ ಪೈರೇಟ್ಸ್ ಗಳಿಸಿದ್ದು 27. ಆದರೂ ಸರಣಿ ನಮ್ಮದಾಯಿತು. ಏಳನೆಯ ಪಂದ್ಯದ ಒಂಬತ್ತನೆಯ ಇನಿಂಗ್ಸ್‌ನಲ್ಲಿ 9-9 ಸಮವಾಗಿದ್ದಾಗ ನಮ್ಮ ಬಿಲ್ ಮಝೆರೋಸ್ಕಿ ಹೊಡೆದ ಹೋಮ್ ರನ್ ಆಗಿನ ಮೈದಾನ ಫೋರ್ಬ್ಸ್ ಫೀಲ್ಡ್‌ನ ಗೋಡೆ ದಾಟಿತು. ಆ ಮೈದಾನವನ್ನು ಕೆಡವಿ ಅಲ್ಲಿ ವಿಶ್ವವಿದ್ಯಾಲಯದ ಕಟ್ಟಡಗಳೆದ್ದಿವೆ, ಗೋಡೆಯ ಒಂದು ಭಾಗ ಮಾತ್ರ ಬಳ್ಳಿ ಹಬ್ಬಿಸಿಕೊಂಡು ಉಳಿದಿದೆ. 1985ರಲ್ಲಿ ಅಭಿಮಾನಿಯೊಬ್ಬ, ಆ ಪಂದ್ಯ ನಡೆದ ದಿನವಾದ ಅಕ್ಟೋಬರ್ 13ರಂದು ಆ ಗೋಡೆಯ ಬುಡದಲ್ಲಿ ಒಬ್ಬನೇ ಕುಳಿತು ಅಂದಿನ ರೇಡಿಯೋ ವೀಕ್ಷಕ ವಿವರಣೆಯನ್ನು ಟೇಪಿನಲ್ಲಿ ಕೇಳಿದ. ಈಗ ಪ್ರತಿ ವರ್ಷ ಅದೇ ದಿನ ಮಡಚುವ ಕುರ್ಚಿ ಹಿಡಿದು ಜನ ಬರುತ್ತಾರೆ. ಹೋಮ್ ರನ್ ಹೊಡೆದ 3 ಗಂಟೆ 36 ನಿಮಿಷಕ್ಕೆ ಸರಿಯಾಗಿ ಆ ಗಳಿಗೆ ಬರುವಂತೆ ಧ್ವನಿಮುದ್ರಿಕೆ ಹಚ್ಚುತ್ತಾರೆ. ಏನಾಗಲಿದೆ ಎಂದು ಅಲ್ಲಿದ್ದ ಪ್ರತಿಯೊಬ್ಬನಿಗೂ ಗೊತ್ತು. ಆದರೂ ಎಂಟನೆಯ ಇನಿಂಗ್ಸ್ ಹೊತ್ತಿಗೆ ಉಸಿರು ಬಿಗಿ ಹಿಡಿಯುತ್ತಾರೆ. ಗದುಗಿನ ಭಾರತದ ವಾಚನಕ್ಕೆ ಕುಳಿತವರಿಗೂ ಕರ್ಣನ ರಥಚಕ್ರ ಹೂಳುವುದು ಗೊತ್ತೇ ಇರುತ್ತದೆ. ಯಾಂಕೀಸ್ ಅಭಿಮಾನಿಗಳ ಸಂಖ್ಯೆ ಕೋಟಿಗಳಲ್ಲಿರಬಹುದು, ಇಂಥದ್ದೊಂದು ಆಚರಣೆ ಅವರಲ್ಲಿದ್ದರೆ ನನಗೆ ಯಾರಾದರೂ ತಿಳಿಸಲಿ.

ಇನ್ನು ರೊಬೆರ್ಟೊ ಕ್ಲೆಮೆಂಟೆ. ಪೋರ್ಟೊರಿಕೊದ ಈತ ಹದಿನೆಂಟು ಋತುಗಳನ್ನೂ ಪಿಟ್ಸ್‌ಬರ್ಗ್‌ಗೇ ಆಡಿ, 1972ರಲ್ಲಿ ಸರಿಯಾಗಿ 3,000 ಹಿಟ್ (ಚೆಂಡು ಹೊಡೆದು ಬೇಸ್ ತಲುಪುವುದು) ಪೂರೈಸಿ, ಅದೇ ವರ್ಷದ ಕೊನೆಯ ದಿನ ನಿಕರಾಗುವಾದ ಭೂಕಂಪ ಸಂತ್ರಸ್ತರಿಗೆ ನೆರವು ಒಯ್ಯುತ್ತಿದ್ದ ವಿಮಾನ ಸಮುದ್ರಕ್ಕೆ ಬಿದ್ದು ತೀರಿಕೊಂಡ. ಅವನ ಜೆರ್ಸಿಯ ಸಂಖ್ಯೆ 21; ಈಗಿನ ಮೈದಾನದ ಬಲಬದಿಯ ಗೋಡೆಯ ಎತ್ತರವೂ 21 ಅಡಿ. 1971ರ ಸೆಪ್ಟೆಂಬರ್ 1ರಂದು ಒಂಬತ್ತೂ ಆಟಗಾರರು ಕಪ್ಪು ಅಥವಾ ಲ್ಯಾಟಿನ್ ಮೂಲದವರಾಗಿದ್ದ ತಂಡವನ್ನು ಮೇಜರ್ ಲೀಗಿನಲ್ಲಿ ಮೊದಲ ಬಾರಿಗೆ ಕಣಕ್ಕಿಳಿಸಿದ್ದೂ ಪೈರೇಟ್ಸ್. 2008ರಲ್ಲಿ ಉತ್ತರ ಪ್ರದೇಶದ ರಿಂಕು ಸಿಂಗ್ (ಕ್ರಿಕೆಟಿಗನಲ್ಲ, ಬೇರೆಯವನು) ಮತ್ತು ದಿನೇಶ್ ಪಟೇಲ್ ಎಂಬ ಇಬ್ಬರು ಹುಡುಗರೊಡನೆ ಒಪ್ಪಂದ ಮಾಡಿಕೊಂಡದ್ದೂ ಇವರೇ. ಇಬ್ಬರೂ ಮೇಜರ್ ಲೀಗಿನ ತನಕ ಏರಲಿಲ್ಲ, ಆದರೆ ಅಮೆರಿಕದ ವೃತ್ತಿಪರ ಬೇಸ್‌ಬಾಲಿಗೆ ಭಾರತೀಯರು ಸಹಿ ಹಾಕಿದ್ದು ಅದೇ ಮೊದಲು. ಭಾವಮೈದುನನಿಗೆ ಇದು ತಿಳಿದಿರಲಿಲ್ಲ.

ಬರುವ ಬೇಸಿಗೆಯಲ್ಲಿ ಅವನು ಇಲ್ಲಿಗೆ ಬರುತ್ತೇನೆಂದಿದ್ದಾನೆ. ಪೆನ್ ಹಿಲ್ಸ್‌ನ ವೆಂಕಟೇಶ್ವರನ ದರ್ಶನ ಬೆಳಿಗ್ಗೆ ಮುಗಿಸಿ, ಸಂಜೆ ಅವನನ್ನು ಪಂದ್ಯದ ದಿನ ವಾಹನ ಬಿಡದ ಕ್ಲೆಮೆಂಟೆ ಸೇತುವೆಯ ಮೇಲೆ ನಡೆಸಿಕೊಂಡು ಮೈದಾನಕ್ಕೆ ಕರೆದೊಯ್ಯಬೇಕೆಂದಿದ್ದೇನೆ. ನಮ್ಮ ಪಿಚರ್ ಪಾಲ್ ಸ್ಕೀನ್ಸ್ ಎಸೆಯುವ ದಿನವೇ ಆದರೆ ಒಳ್ಳೆಯದು. ಅವನ ಸರದಿ ಐದಾರು ದಿನಕ್ಕೊಮ್ಮೆ ಬರುವುದರಿಂದ ಟಿಕೆಟ್ ಕೊಳ್ಳಲು ಕೊನೆಯ ವಾರದವರೆಗೆ ಕಾಯಬೇಕು. ಹೇಗಿದ್ದರೂ ಕೆಲಸದ ದಿನಗಳಲ್ಲಿ ನಮ್ಮಲ್ಲಿ ಸೀಟು ಸುಲಭವಾಗಿ ಸಿಗುತ್ತದೆ.