ಮುದ್ದಾಂ ಮೂಲಕ

ಸರ್ಕಾರಿ ಲಕೋಟೆಯ ಮೇಲೆ 'ಮುದ್ದಾಂ ಮೂಲಕ' ಎಂದು ಬರೆದಿದ್ದರೆ ಅದಕ್ಕೆ ಅಂಚೆಚೀಟಿ ಬೇಕಿಲ್ಲ, ಹೊತ್ತುಕೊಂಡು ಹೋಗುವ ಒಬ್ಬ ಮನುಷ್ಯ ಬೇಕು. ಕಾಲೇಜಿನಲ್ಲಿ ಆ ಮನುಷ್ಯ ಅಟೆಂಡರ್. ಕಡತದಲ್ಲಿ 'ಡಿ ಗ್ರೂಪ್ ನೌಕರ', ಹಳಬರ ಬಾಯಲ್ಲಿ ಜವಾನ, ಇಂಗ್ಲಿಷ್ ರೂಢಿಯವರಿಗೆ ಪ್ಯೂನ್. ಧಾರವಾಡ, ಬೆಳಗಾವಿ ಕಡೆಯಿಂದ ವರ್ಗವಾಗಿ ಬಂದ ಗುಮಾಸ್ತರು ಸಿಪಾಯಿ ಎಂದೇ ಕೂಗುತ್ತಾರೆ.

ಈ ಹೆಸರುಗಳು ಹೆಚ್ಚೂಕಡಿಮೆ ಎಲ್ಲವೂ ದಂಡಿನಿಂದ ಬಂದವು. ಪ್ಯೂನ್ ಎಂಬುದರ ಮೂಲ ಪೋರ್ಚುಗೀಸರ ಕಾಲಾಳು. ಜವಾನ ಎಂದರೆ ಪಾರಸಿಯಲ್ಲಿ ಹರೆಯದವನು. ದಫೇದಾರ ಕುದುರೆ ಪಡೆಯ ಒಂದು ಹುದ್ದೆ. ಹೆಗಲಿನಿಂದ ಸೊಂಟಕ್ಕೆ ಅಡ್ಡವಾಗಿ ಬರುವ ಪಟ್ಟಿಗೆ ಡವಾಲಿ ಎನ್ನುತ್ತಾರಲ್ಲ, ಅದೂ ಪಾರಸಿಯ ತೊಗಲು ಪಟ್ಟಿಯೇ. ಅದರ ಮೇಲೆ ಹಿತ್ತಾಳೆ ಬಿಲ್ಲೆ. ಜಿಲ್ಲಾಧಿಕಾರಿಗಳ, ನ್ಯಾಯಾಧೀಶರ ಹಿಂದೆ ಡವಾಲಿ ಇನ್ನೂ ಕಾಣುತ್ತದೆ; ಕಾಲೇಜಿನಿಂದ ಹೋಗಿಬಿಟ್ಟಿತು. ಒಳ್ಳೆಯದೇ ಆಯಿತು, ಪಟ್ಟಿ ಹಾಕಿಕೊಂಡು ಪ್ರಯೋಗಾಲಯದ ಗಾಜು ತೊಳೆಯುವುದು ಕಷ್ಟ.

ಬೆಂಗಳೂರಿನಲ್ಲಿ ಈ ಕೆಲಸದ ಹಳೆಯ ಮನೆ ಸೆಂಟ್ರಲ್ ಕಾಲೇಜು. 1858ರಲ್ಲಿ ಅದು ಹೈಸ್ಕೂಲಾಗಿ ಶುರುವಾದದ್ದು. ಕಾಲೇಜಾದ ಮೇಲೆ 1916ರವರೆಗೆ ಮದ್ರಾಸ್ ವಿಶ್ವವಿದ್ಯಾಲಯದ ಕೆಳಗೆ, ಅಲ್ಲಿಂದ ಮೈಸೂರಿನ ಕೆಳಗೆ, 1964ರಿಂದ ಬೆಂಗಳೂರು ವಿಶ್ವವಿದ್ಯಾಲಯದ ಕೆಳಗೆ. 2017ರಲ್ಲಿ ಆ ಆವರಣದಲ್ಲೇ ಬೆಂಗಳೂರು ಕೇಂದ್ರ ವಿಶ್ವವಿದ್ಯಾಲಯ ಹುಟ್ಟಿತು. ಅದು ಆಮೇಲೆ ಬೆಂಗಳೂರು ನಗರ ವಿಶ್ವವಿದ್ಯಾಲಯವಾಯಿತು. ಚರಿತ್ರೆ ಬರೆಯುವವರಿಗೆ ಇವು ಇಸವಿಗಳು. ಕಚೇರಿಗೆ ಇವು ಮೊಹರುಗಳು. ಹೆಸರು ಬದಲಾದಾಗಲೆಲ್ಲ ದುಂಡು ಮೊಹರು, ಪದನಾಮದ ಮೊಹರು, ಪತ್ರಶೀರ್ಷಿಕೆ, ರಸೀದಿ ಪುಸ್ತಕ ಎಲ್ಲ ಹೊಸದಾಗಬೇಕು. 2014ರ ನವೆಂಬರ್ 1ರಂದು ಊರಿನ ಹೆಸರು ಇಂಗ್ಲಿಷಿನಲ್ಲೂ ಬೆಂಗಳೂರು ಆದಾಗ ಇಂಗ್ಲಿಷ್ ಮೊಹರುಗಳಿಗೂ ಅದೇ ಗತಿ. ಹಳೆಯ ಮೊಹರನ್ನು ಡ್ರಾಯರಿನಲ್ಲೇ ಬಿಟ್ಟರೆ ಅವಸರದಲ್ಲಿ ಯಾರೋ ಅದನ್ನೇ ಒತ್ತುತ್ತಾರೆ, ವಿದ್ಯಾರ್ಥಿಯ ಪ್ರಮಾಣಪತ್ರ ಪಾಸ್‌ಪೋರ್ಟ್ ಕಚೇರಿಯಿಂದ ವಾಪಸ್ ಬರುತ್ತದೆ. ಹಳೆಯದರ ಮುಖವನ್ನು ಬ್ಲೇಡಿನಿಂದ ಗೀರಿ, ದಾಸ್ತಾನು ಪುಸ್ತಕದಲ್ಲಿ ನಮೂದಿಸಿ ಪಕ್ಕಕ್ಕಿಡುವುದು ಸರಿಯಾದ ದಾರಿ.

ದಿನದ ಕೆಲಸ ಬೀಗದಿಂದ ಶುರು. ಹತ್ತು ಗಂಟೆಗೆ ತರಗತಿಯಿದ್ದರೆ ಎಂಟೂವರೆಗೆ ಬಾಗಿಲು ತೆಗೆಯಬೇಕು. ಮೊದಲು ನೀರಿನ ಮೋಟಾರ್, ಏಕೆಂದರೆ ಟ್ಯಾಂಕ್ ತುಂಬುವಷ್ಟರಲ್ಲಿ ಉಳಿದ ಕೆಲಸ ಆಗುತ್ತದೆ. ಹಾಕಿ ಮರೆತರೆ ಮೇಲಿನಿಂದ ಸುರಿದ ನೀರು ಗೋಡೆಗಿಳಿಯುತ್ತದೆ. ಆಮೇಲೆ ರಸಾಯನಶಾಸ್ತ್ರ ಪ್ರಯೋಗಾಲಯ. ಅಲ್ಲಿ ಬಾಗಿಲು ತೆಗೆದ ಕೂಡಲೇ ಲೈಟಿನ ಸ್ವಿಚ್ ಮುಟ್ಟಬಾರದು. ರಾತ್ರಿ ಗ್ಯಾಸ್ ಸೋರಿದ್ದರೆ ಸ್ವಿಚ್ಚಿನ ಕಿಡಿಯೇ ಸಾಕು. ಕಿಟಕಿ ತೆರೆದು ಹತ್ತು ನಿಮಿಷ ಗಾಳಿಯಾಡಲು ಬಿಟ್ಟು ನಂತರ ಒಳಗೆ ಹೋಗಬೇಕು.

ಬೀಗದ ಕೈಗಳ ಹಲಗೆಯಲ್ಲಿ ಕೊಠಡಿಯ ಸಂಖ್ಯೆ ಬರೆದ ತಗಡಿನ ಬಿಲ್ಲೆ ಕೈಗೂ ಇರಬೇಕು, ಮೊಳೆಯ ಕೆಳಗೂ ಇರಬೇಕು. ಖಾಲಿ ಮೊಳೆ ಕಂಡರೆ ಯಾವ ಕೈ ಇಲ್ಲವೆಂದು ನೋಡಿದೊಡನೆ ತಿಳಿಯುವುದು ಹಾಗೆ. ಇಲ್ಲಿ ಕೆಡುವುದು ಸಾಮಾನ್ಯವಾಗಿ ಒಂದೇ: ಕೊನೆಯ ಪಿರಿಯಡ್ ಮುಗಿಸಿದ ಮೇಷ್ಟ್ರು ಬೀಗದ ಕೈಯನ್ನು ಜೇಬಿನಲ್ಲಿಟ್ಟುಕೊಂಡು ಯಲಹಂಕಕ್ಕೆ ಹೋಗಿಬಿಡುತ್ತಾರೆ. ಸಹಿ ಪುಸ್ತಕವಿದ್ದರೆ ಫೋನ್ ಯಾರಿಗೆ ಮಾಡಬೇಕೆಂದಾದರೂ ಗೊತ್ತಾಗುತ್ತದೆ. ನಕಲಿ ಕೈಗಳ ಗೊಂಚಲು ಪ್ರಾಂಶುಪಾಲರ ಬೀರುವಿನಲ್ಲಿರಬೇಕು. ಆ ಬೀರುವಿನ ಕೈ ಅದೇ ಹಲಗೆಯಲ್ಲಿ ಇರಬಾರದು.

ಆಕ್ಸ್‌ಫರ್ಡ್, ಕೇಂಬ್ರಿಡ್ಜ್ ಕಾಲೇಜುಗಳಲ್ಲಿ ಇದಕ್ಕೆಂದೇ ಹೆಬ್ಬಾಗಿಲಿನ ಪಕ್ಕ ಪೋರ್ಟರ್ಸ್ ಲಾಡ್ಜ್ ಇದೆ. ಬೀಗದ ಕೈ, ಟಪಾಲು, ಬಂದವರ ವಿಚಾರಣೆ, ರಾತ್ರಿ ಕಾವಲು ಎಲ್ಲ ಆ ಒಂದೇ ಕೋಣೆಯಲ್ಲಿ. ಆಕ್ಸ್‌ಫರ್ಡಿನ ಕ್ರೈಸ್ಟ್ ಚರ್ಚ್ ಕಾಲೇಜಿನ ದೊಡ್ಡ ಗಂಟೆ ಇಂದಿಗೂ ರಾತ್ರಿ 9 ಗಂಟೆ 5 ನಿಮಿಷಕ್ಕೆ 101 ಸಲ ಬಾರಿಸುತ್ತದೆ, ಹಿಂದೆ ಬಾಗಿಲು ಮುಚ್ಚುತ್ತಿದ್ದ ಹೊತ್ತು ಅದು. ಅಲ್ಲಿ ವಿದ್ಯಾರ್ಥಿಗಳು ಕಾಲೇಜಿನ ಒಳಗೇ ವಾಸ ಮಾಡುವುದರಿಂದ ಬಾಗಿಲು ಕಾಯುವವನೇ ಮುಖ್ಯ. ನಮ್ಮಲ್ಲಿ ಹಾಸ್ಟೆಲ್ ಬೇರೆ, ಕಾಲೇಜು ಬೇರೆ. ಹಾಗಾಗಿ ನಿಂತು ಕಾಯುವವನಿಗಿಂತ ನಡೆದು ಒಯ್ಯುವವನ ಮೇಲೆ ಆಡಳಿತದ ಭಾರ ಬಿತ್ತು.

ಆ ಭಾರ ಎಷ್ಟೆಂದು ಸುತ್ತೋಲೆ ಪುಸ್ತಕ ನೋಡಿದರೆ ತಿಳಿಯುತ್ತದೆ. ಪ್ರಾಂಶುಪಾಲರು ಸಹಿ ಮಾಡಿದಾಗ ಸುತ್ತೋಲೆ ಹುಟ್ಟಿತು ಎಂದು ಹೊಸಬರು ಅಂದುಕೊಳ್ಳುತ್ತಾರೆ. ಅಲ್ಲ. ಪಟ್ಟಿಯಲ್ಲಿರುವ ಅಧ್ಯಾಪಕರು ತಮ್ಮ ಹೆಸರಿನ ಮುಂದೆ ಸಹಿ, ದಿನಾಂಕ ಹಾಕಿದಾಗಲೇ ಅದು ಜಾರಿಯಾದ ಹಾಗೆ. ನಾಳೆ ವಿಚಾರಣೆ ನಡೆದರೆ 'ನನಗೆ ತಿಳಿಸಿರಲಿಲ್ಲ' ಎಂಬ ಮಾತಿಗೆ ಉತ್ತರ ಈ ಪುಸ್ತಕ ಒಂದೇ. ಇದನ್ನು ತಿರುಗಿಸುವುದಕ್ಕೂ ಒಂದು ಲೆಕ್ಕವಿದೆ. ಹತ್ತಿರದ ವಿಭಾಗದಿಂದ ಶುರುಮಾಡಿದರೆ ಸುಲಭ ಅನಿಸುತ್ತದೆ, ಆದರೆ ದೂರದ ಬ್ಲಾಕಿಗೆ ಹೋಗುವಷ್ಟರಲ್ಲಿ ಅಲ್ಲಿಯವರು ತರಗತಿಗೆ ಹೋಗಿರುತ್ತಾರೆ. ಗಂಟೆ ಹೊಡೆಯಲು ಹತ್ತು ನಿಮಿಷವಿರುವಾಗ ಸ್ಟಾಫ್ ರೂಮಿಗೆ ಹೋಗಬೇಕು, ಮುಂದಿನ ಪಿರಿಯಡ್ಡಿನವರೂ ಹೊರಡುವವರೂ ಅಲ್ಲೇ ಸಿಗುತ್ತಾರೆ.

ಪುಸ್ತಕವನ್ನು ಯಾರ ಮೇಜಿನ ಮೇಲೂ ಬಿಟ್ಟು ಬರಬಾರದು. ಬಿಟ್ಟರೆ ಪತ್ರಿಕೆಯ ಕೆಳಗೆ ಸೇರಿ ಮೂರು ದಿನ ಮಲಗುತ್ತದೆ. ಪೆನ್ನನ್ನು ದಾರದಲ್ಲಿ ಕಟ್ಟಿರಬೇಕು, ಮೇಷ್ಟ್ರುಗಳ ಹತ್ತಿರ ಪೆನ್ನಿದ್ದರೂ ಸಹಿಗೆ ಬೇರೆಯವರದ್ದೇ ಬೇಕು. ರಜೆಯಲ್ಲಿರುವವರ ಮುಂದೆ 'ರಜೆ' ಎಂದು ಬರೆದು, ಅವರು ಬಂದ ದಿನ ಮತ್ತೆ ತೋರಿಸಬೇಕು. ಪಕ್ಕದವರು ಸ್ನೇಹಕ್ಕೆ ಹಾಕುವ ಸಹಿ ಮುಂದೆ ಇಬ್ಬರಿಗೂ ತಲೆನೋವು. ಸುತ್ತೋಲೆ ಒಪ್ಪದವರೊಬ್ಬರು ಇದ್ದೇ ಇರುತ್ತಾರೆ. ಅವರು ಸಹಿ ಮಾಡದೆ ಅದರ ಮೇಲೆಯೇ ವ್ಯಾಕರಣ ತಿದ್ದುತ್ತಾರೆ. ಅಟೆಂಡರ್ ವಾದಕ್ಕೆ ನಿಲ್ಲಬಾರದು, ಹಾಗೇ ತಂದು ಮ್ಯಾನೇಜರಿಗೆ ತೋರಿಸಬೇಕು. 'ಸಹಿ ನಿರಾಕರಿಸಿದ್ದಾರೆ' ಎಂಬ ಷರಾ ಹಾಕುವುದು ಮ್ಯಾನೇಜರರ ಕೆಲಸ.

ಈಗ ವಾಟ್ಸಾಪ್ ಗುಂಪಿನಲ್ಲಿ ಫೋಟೊ ಹಾಕಿದರೆ ಮುಗಿಯಿತು ಎನ್ನುವ ಕಾಲೇಜುಗಳಿವೆ. ನೀಲಿ ಗೆರೆ ಬಂತೆಂದು ನಂಬಿ ಕೂತವರು ಪರೀಕ್ಷಾ ಕೆಲಸದ ಆದೇಶದಲ್ಲಿ ಒಮ್ಮೆ ಪೆಟ್ಟು ತಿಂದ ಮೇಲೆ ಪುಸ್ತಕಕ್ಕೇ ಮರಳುತ್ತಾರೆ.

ಟಪಾಲಿನ ಕಥೆ ಇನ್ನೂ ಸೂಕ್ಷ್ಮ. ಬೆಳಗ್ಗೆ ಮೊದಲ ಕೆಲಸ ದಿನಾಂಕದ ಮೊಹರನ್ನು ತಿರುಗಿಸುವುದು. ಇದನ್ನು ಮರೆತರೆ ಆ ದಿನ ಬಂದ ಪತ್ರಗಳೆಲ್ಲ ನಿನ್ನೆ ಬಂದಂತೆ ದಾಖಲಾಗುತ್ತವೆ. ಸಾಮಾನ್ಯ ಪತ್ರಕ್ಕೆ ನಷ್ಟವಿಲ್ಲ. ಆದರೆ ಮಾಹಿತಿ ಹಕ್ಕಿನ ಅರ್ಜಿಗೆ ಸ್ವೀಕರಿಸಿದ ದಿನದಿಂದ 30 ದಿನದ ಗಡುವು. ತಡವಾದರೆ ದಿನಕ್ಕೆ 250 ರೂಪಾಯಿಯಂತೆ 25,000ದವರೆಗೆ ದಂಡ, ಅದೂ ಮಾಹಿತಿ ಅಧಿಕಾರಿಯ ಸ್ವಂತ ಜೇಬಿನಿಂದ. ಅದಕ್ಕೇ ಲಕೋಟೆಯನ್ನೂ ಪತ್ರದ ಹಿಂದೆ ಪಿನ್ ಮಾಡಿ ಇಡಬೇಕು, ಅಂಚೆ ಮುದ್ರೆಯೇ ಸಾಕ್ಷಿ. ಮೊಹರು ಮೊದಲ ಪುಟದಲ್ಲಿ, ಅಕ್ಷರದ ಮೇಲೆ ಬೀಳದಂತೆ. ಅಡಕಗಳನ್ನು ಎಣಿಸಿ, ಪತ್ರದಲ್ಲಿ ಐದು ಎಂದಿದ್ದು ನಾಲ್ಕೇ ಸಿಕ್ಕಿದರೆ ಅಲ್ಲೇ ಪೆನ್ಸಿಲಿನಲ್ಲಿ ಬರೆಯಬೇಕು; ಮೂರು ದಿನ ಕಳೆದ ಮೇಲೆ ಆ ಐದನೆಯದನ್ನು ಕಳೆದವರು ಕಾಲೇಜಿನವರೇ ಆಗಿಬಿಡುತ್ತಾರೆ. ಡಿಡಿ, ಚೆಕ್ಕುಗಳು ಬೇರೆ ಪುಸ್ತಕಕ್ಕೆ. 'ಗೌಪ್ಯ' ಎಂದಿರುವ ಲಕೋಟೆ ಒಡೆಯದೆ ಪ್ರಾಂಶುಪಾಲರಿಗೆ. ಆವಕ ಸಂಖ್ಯೆ, ಅಂದರೆ ಒಳಬಂದ ಪತ್ರದ ಕ್ರಮಸಂಖ್ಯೆ ಹಾಕಿ, ಆ ವಿಷಯ ನೋಡಿಕೊಳ್ಳುವ ಗುಮಾಸ್ತರಾದ ವಿಷಯ ನಿರ್ವಾಹಕರಿಗೆ ಕೊಟ್ಟ ಮೇಲೆ ಅವರ ಸಹಿ ಪಡೆಯಲೇಬೇಕು.

ಹೊರಗೆ ಹೋಗುವುದರಲ್ಲಿ ಅಂಚೆಯ ಪಾಲು ಕಡಿಮೆ. ರಿಜಿಸ್ಟರ್ಡ್ ಪೋಸ್ಟ್ 2025ರಲ್ಲಿ ಸ್ಪೀಡ್ ಪೋಸ್ಟಿನೊಳಗೆ ಸೇರಿಹೋಯಿತು. ಅವಸರದ್ದೆಲ್ಲ ಮುದ್ದಾಂ. 1973ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯ ಜ್ಞಾನಭಾರತಿ ಆವರಣಕ್ಕೆ ಹೋದ ಮೇಲೆ ಊರೊಳಗಿನ ಕಾಲೇಜುಗಳ ಅಟೆಂಡರಿಗೆ ಒಂದು ಲಕೋಟೆ ಎಂದರೆ ಅರ್ಧ ದಿನ, ಮೈಸೂರು ರಸ್ತೆಯ ಬಸ್ಸು, ಮೇಲೆ ಆವರಣದೊಳಗಿನ ನಡಿಗೆ. 2021ರಲ್ಲಿ ನೇರಳೆ ಮಾರ್ಗ ಕೆಂಗೇರಿ ಮುಟ್ಟಿದಾಗ ಸೆಂಟ್ರಲ್ ಕಾಲೇಜು, ಜ್ಞಾನಭಾರತಿ ಎರಡೂ ಒಂದೇ ಮೆಟ್ರೊ ಗೆರೆಯ ಮೇಲೆ ಬಂದವು. ನಡಿಗೆ ಮಾತ್ರ ಹಾಗೇ ಇದೆ. ಅಲ್ಲಿಗೆ ಹೋದವರು ಮೂಲ ಪ್ರತಿ ಕೊಟ್ಟು ಬಂದರೆ ಸಾಲದು, ಕಚೇರಿ ಪ್ರತಿಯ ಮೇಲೆ ಸ್ವೀಕೃತಿ ಮೊಹರು, ಸಹಿ, ದಿನಾಂಕ ಮೂರೂ ಇರಬೇಕು. ಬರೀ ಮೊಹರು ಒತ್ತಿಸಿಕೊಂಡು ಬಂದರೆ ಕೊಟ್ಟದ್ದು ಯಾರ ಕೈಗೆ ಎಂದು ಮುಂದೆ ಯಾರೂ ಹೇಳರು.

ಕೇಂದ್ರ ಸರ್ಕಾರ ಆರನೆಯ ವೇತನ ಆಯೋಗದ ನಂತರ ಡಿ ಗ್ರೂಪನ್ನೇ ತೆಗೆದು ಸಿ ಗ್ರೂಪಿಗೆ ಸೇರಿಸಿತು. ಬೆಂಗಳೂರಿನ ಕೇಂದ್ರ ಕಚೇರಿಗಳಲ್ಲಿ ಅದೇ ಕೆಲಸದವರು ಈಗ ಎಂಟಿಎಸ್, ಅಂದರೆ ಮಲ್ಟಿ ಟಾಸ್ಕಿಂಗ್ ಸ್ಟಾಫ್. ರಾಜ್ಯದಲ್ಲಿ ಡಿ ಗ್ರೂಪ್ ಉಳಿದಿದೆ. 2024ರ ಆಗಸ್ಟಿನಿಂದ ಕನಿಷ್ಠ ಮೂಲ ವೇತನ 17,000ದಿಂದ 27,000ಕ್ಕೆ ಏರಿತು, ಆದರೆ ಅದು ಕಾಯಂ ಇದ್ದವರಿಗೆ. ನಿವೃತ್ತಿಯಾದವರ ಜಾಗಕ್ಕೆ ಬರುತ್ತಿರುವವರು ಹೊರಗುತ್ತಿಗೆಯವರು. ಹನ್ನೊಂದು ತಿಂಗಳಿಗೋ ಟೆಂಡರ್ ಬದಲಾದಾಗಲೋ ಮುಖ ಬದಲಾಗುತ್ತದೆ. ಇದು ಉಳಿತಾಯವಲ್ಲ ಎಂಬುದು ದಾಖಲೆ ಕೊಠಡಿಯಲ್ಲಿ ಗೊತ್ತಾಗುತ್ತದೆ.

ಹಳೆಯ ವಿದ್ಯಾರ್ಥಿ ನಕಲು ವರ್ಗಾವಣೆ ಪತ್ರ ಕೇಳಿಕೊಂಡು ಬಂದಾಗ ಪ್ರವೇಶ ರಿಜಿಸ್ಟರ್ ಬೇಕು. ಅದು ಇಸವಿಯ ಪ್ರಕಾರ ಕಪಾಟಿನಲ್ಲಿ ಇರಬೇಕಾದದ್ದು. ಇರುವುದು ಹಾಗಲ್ಲ: ಮಳೆಗೆ ನೆನೆದ ವರ್ಷ ಮೇಲಿನ ಅಟ್ಟದಲ್ಲಿ, ಗೆದ್ದಲು ಹಿಡಿದದ್ದು ಬೇರೆ ಕಟ್ಟಿನಲ್ಲಿ, ಆಡಿಟ್‌ಗೆ ತೆಗೆದದ್ದು ಲೆಕ್ಕಪತ್ರದವರ ಬೀರುವಿನ ಹಿಂದೆ. ಗೋಡೆಗೆ ತಾಗಿಸದೆ ಒಂದು ಗೇಣು ಬಿಟ್ಟು ಇಡುವುದು, ಕೆಳಗಿನ ತಟ್ಟೆಯನ್ನು ಖಾಲಿ ಬಿಡುವುದು, ಬೆನ್ನಿನ ಮೇಲೆ ಇಸವಿಯನ್ನು ಎಣ್ಣೆ ಬಣ್ಣದಲ್ಲಿ ಬರೆಯುವುದು, ಇಷ್ಟು ಮಾಡಿದರೆ ಹುಡುಕಾಟ ಹತ್ತು ನಿಮಿಷ. ಮಾಡದಿದ್ದರೆ ನಿವೃತ್ತರಾದ ಅಟೆಂಡರ್ ಮನೆಗೆ ಫೋನ್ ಹೋಗುತ್ತದೆ, ಅವರು 'ಎಡಗಡೆ ಮೂರನೇ ಕಪಾಟು, ಕೆಂಪು ಬಟ್ಟೆ ಸುತ್ತಿದ್ದೀನಿ ನೋಡಿ ಸಾರ್' ಎನ್ನುತ್ತಾರೆ.