ಮೂರನೇ ಟೇಬಲ್ಲಿನ ಸಾಲು

14 ಜುಲೈ 2025, ಸೋಮವಾರ ರಾತ್ರಿ
ಗೋಪಾಳ, ಶಿವಮೊಗ್ಗ

ಊಟ ಆಯ್ತು. ಮಳೆ ಬಿಟ್ಟಿಲ್ಲ. ಆಫೀಸಿನ ಫೈಲ್‌ಗಳಿರುವ ಸರ್ವರ್ ಇನ್ನೂ ಆಫ್ ಮಾಡಿಲ್ಲ.

ಹಳೇ ಡಿಸ್ಕ್ ಎರಡು ವಾರದಿಂದ ಕೈಕೊಡುವ ಲಕ್ಷಣ ತೋರಿಸುತ್ತಿತ್ತು. ಇವತ್ತು ಏಳಕ್ಕೆ ಸರ್ವರ್ ಮುಚ್ಚುತ್ತೇನೆ, ಬೆಳಿಗ್ಗೆ ಬಂದು ಡಿಸ್ಕ್ ಬದಲಿಸುತ್ತೇನೆ ಅಂತ ಗ್ರೂಪಿನಲ್ಲಿ ಹಾಕಿದ್ದೆ. ಏಳೂ ಹತ್ತಕ್ಕೆ ಮನೆಯಿಂದಲೇ ಲಾಗಿನ್ ಆಗಿ ಎಸ್‌ಎಂಬಿಸ್ಟೇಟಸ್ ಕಮಾಂಡ್ ಹೊಡೆದೆ. ಆಫೀಸಿನ ಕಂಪ್ಯೂಟರುಗಳಿಗೆ ಫೈಲ್ ಹಂಚುವ ಸಾಂಬಾಗೆ ಯಾರು ಯಾರು ಸೇರಿಕೊಂಡಿದ್ದಾರೆ ಅಂತ ಅದು ಹೇಳುತ್ತದೆ. ಒಂದೇ ಸಾಲು ಉಳಿದಿತ್ತು. ಮೂರನೇ ಟೇಬಲ್. ಸರೋಜಕ್ಕ.

ಮೊದಲು ನಂಬಲಿಲ್ಲ. ಆಫೀಸಿರುವ ದುರ್ಗಿಗುಡಿ ಕಡೆ ಸಂಜೆಯಿಂದ ಕರೆಂಟ್ ಹೋಗಿ ಬರುತ್ತಿತ್ತು. ಕಂಪ್ಯೂಟರ್ ಥಟ್ಟನೆ ಸತ್ತರೆ ಸರ್ವರಿಗೆ ಅದು ತಕ್ಷಣ ಗೊತ್ತಾಗುವುದಿಲ್ಲ. ಸ್ವಲ್ಪ ಹೊತ್ತು ಸಾಲು ಹಾಗೇ ಇರುತ್ತದೆ. ಸಾಂಬಾ ಬಳಸುವ 445ನೇ ಪೋರ್ಟ್ ನೋಡಿದರೆ ಅಲ್ಲೂ ಸಂಪರ್ಕ ಇದೆ ಅಂತಲೇ ಕಾಣುತ್ತದೆ. ಅದೇ ಕಮಾಂಡಿಗೆ ಮೈನಸ್ ಎಲ್ ಹಾಕಿ ತೆರೆದ ಫೈಲ್ ನೋಡಿದೆ. ಲೆಕ್ಕದ ಫೋಲ್ಡರಿನಲ್ಲಿ ನಾಲ್ಕು ಫೈಲ್, ಓದಲು ಬರೆಯಲು ಎರಡಕ್ಕೂ ತೆರೆದಿವೆ. ಕಂಪ್ಯೂಟರ್ ಬದುಕಿದೆಯಾ ಅಂತ ಪಿಂಗ್ ಮಾಡಿದೆ. ಉತ್ತರ ಬಂತು.

ಸಾಲಿನ ಮೊದಲಲ್ಲಿ ಪ್ರೊಸೆಸ್ ನಂಬರ್ ಇರುತ್ತದೆ. ಅದನ್ನು ನಿಲ್ಲಿಸಲು ಒಂದು ಕಿಲ್ ಕೊಟ್ಟರೆ ಸಾಲು ಹೋಗುತ್ತದೆ. ಅವರು ಮಾಡುತ್ತಿದ್ದ ಕೆಲಸವೂ ಹೋಗುತ್ತದೆ. ಹೋದ ವರ್ಷ ಯಾರಿದ್ದಾರೆ ಅಂತ ನೋಡದೆ ಸರ್ವರ್ ಮುಚ್ಚಿಬಿಟ್ಟಿದ್ದೆ. ಅವತ್ತೂ ಎಂಟ್ರಿ ಹಾಕುತ್ತಾ ಕೂತಿದ್ದವರು ಇದೇ ಅಕ್ಕ. ಅರ್ಧ ದಿನದ ಕೆಲಸ ಹೋಯಿತು. ಒಂದು ಮಾತು ಬೈಯಲಿಲ್ಲ. ಮತ್ತೆ ಮೊದಲಿಂದ ಹಾಕಿದರು. ಅವತ್ತು ಬೈದಿದ್ದರೆ ಚೆನ್ನಾಗಿತ್ತು ಅಂತ ಈಗಲೂ ಅನಿಸುತ್ತದೆ.

ಫೋನ್ ಮಾಡಿದೆ.

"ಅಕ್ಕಾ, ಇನ್ನೂ ಆಫೀಸಲ್ಲೇ ಇದ್ದೀರಾ?"

"ಹೌದು ಮಾರಾಯ. ನಿಂಗೆ ಹೇಗೆ ಗೊತ್ತಾಯ್ತು?"

"ನಿಮ್ಮ ಟೇಬಲ್ ಇಲ್ಲಿ ಕಾಣ್ತಾ ಇದೆ. ಗ್ರೂಪ್ ನೋಡಲಿಲ್ವಾ?"

"ಎಲ್ಲಿ ನೋಡೋದು. ನಾಳೆ ರಜೆ ಹಾಕಿದೀನಿ. ತೋಟದಲ್ಲಿ ಅಡಿಕೆಗೆ ಕೊಳೆ ರೋಗ ಶುರುವಾಗಿದೆ. ಮರ ಹತ್ತಿ ಔಷಧಿ ಹೊಡೆಯೋ ಕೊನೆಗಾರ ನಾಳೆ ಬರ್ತೀನಿ ಅಂದಿದಾನೆ, ಮತ್ತೆ ಸಿಗೋದು ಯಾವಾಗಲೋ. ಅಪ್ಪಯ್ಯಂಗೆ ಒಬ್ರಿಗೇ ಮೈಲುತುತ್ತ, ಸುಣ್ಣ ಕಲೆಸಿ ಕೊಡೋಕೆ ಆಗಲ್ಲ. ಅದಕ್ಕೇ ಇವತ್ತೇ ಮುಗಿಸ್ತಿದೀನಿ."

"ಮಳೆಯಲ್ಲಿ ಔಷಧಿ ಹೊಡೆಯೋಕೆ ಆಗುತ್ತಾ?"

"ಆಗಲ್ಲ. ಒಂದೆರಡು ಗಂಟೆ ಹೊಳವಾದ್ರೆ ಸಾಕು."

ಮುಗಿಸಿ ಅಕ್ಕ, ನಾನು ಕಾಯುತ್ತೇನೆ ಅಂದೆ.

ಕಾಯುತ್ತಾ ಸ್ಕ್ಯಾನಿಂಗ್‌ಗೆ ಇಟ್ಟಿರುವ ಎನ್‌ಎಫ್‌ಎಸ್ ಕಡೆಯೂ ನೋಡಿದೆ. ಅದು ಫೈಲ್ ಹಂಚುವ ಇನ್ನೊಂದು ವಿಧಾನ. ಅದಕ್ಕೆ ಸೇರಿದವರನ್ನು ತೋರಿಸುವ ಶೋಮೌಂಟ್ ಮೈನಸ್ ಎ ಹೊಡೆದರೆ, ಮಾರ್ಚ್‌ನಲ್ಲೇ ತೆಗೆದ ಕಂಪ್ಯೂಟರಿನ ಹೆಸರು ಇನ್ನೂ ಬರುತ್ತಿದೆ. ಆ ಕಮಾಂಡ್ ಓದುವುದು ಆರ್‌ಎಂಟ್ಯಾಬ್ ಫೈಲಿನಲ್ಲಿ ಬರೆದಿಟ್ಟಿದ್ದನ್ನು. ಹೇಳದೆ ಹೋದವರ ಹೆಸರು ಅಲ್ಲೇ ಉಳಿದುಬಿಡುತ್ತದೆ. ಎನ್‌ಎಫ್‌ಎಸ್‌ನ ನಾಲ್ಕನೇ ಆವೃತ್ತಿಯಲ್ಲಿ ಸೇರಿದವರ ಹೆಸರು ಅದರಲ್ಲಿ ಬರುವುದೇ ಇಲ್ಲ. ಅವರನ್ನು ನೋಡಲು ಪ್ರಾಕ್ ಒಳಗಿನ ಎನ್‌ಎಫ್‌ಎಸ್‌ಡಿ ಕ್ಲೈಂಟ್ಸ್ ಫೋಲ್ಡರಿಗೆ ಹೋಗಬೇಕು. 2019ರ ಲಿನಕ್ಸ್ 5.3 ಕರ್ನಲ್‌ನಿಂದ ಅದು ಇದೆ. ಅಲ್ಲಿ ಯಾರೂ ಇರಲಿಲ್ಲ.

ಎಂಟೂಕಾಲಿಗೆ ಮತ್ತೆ ಎಸ್‌ಎಂಬಿಸ್ಟೇಟಸ್. ಮೂರನೇ ಟೇಬಲ್ ಇಲ್ಲ. ತೆರೆದ ಫೈಲ್ ಒಂದೂ ಇಲ್ಲ.

ಈಗ ಆಫ್ ಮಾಡಬಹುದು. ಆದರೆ ಬಸ್ ಸಿಕ್ಕಿತಾ ಅಂತ ಕೇಳಲು ಫೋನ್ ಮಾಡಿದರೆ ಹತ್ತುತ್ತಿಲ್ಲ. ಬಸ್ಸು ಗಾಜನೂರು ದಾಟಿರಬೇಕು. ಆ ದಾರಿಯಲ್ಲಿ ಸಿಗ್ನಲ್ ಸಿಗುವುದಿಲ್ಲ, ಗೊತ್ತು. ಮಂಡಗದ್ದೆ ಹತ್ತಿರ ಇಳಿದು ಮತ್ತೆ ತೋಟದ ದಾರಿ ನಡೆಯಬೇಕು. ಅಪ್ಪಯ್ಯ ಟಾರ್ಚ್ ಹಿಡಿದು ರಸ್ತೆಗೆ ಬಂದಿದ್ದರೆ ಸರಿ, ಇಲ್ಲದಿದ್ದರೆ ಈ ಮಳೆಯಲ್ಲಿ